ಹೊಲದ ದಾರಿಗೆ ಯಾವ ಬ್ಲೇಡು?

ಕೊಹಿನೂರ ಊರಿನ ಸುತ್ತಿನ ಕರಿ ಮಣ್ಣು ತೊಗರಿ, ಸೋಯಾ ಬೆಳೆಗೆ ಒಳ್ಳೆಯದು, ದಾರಿಗೆ ಅಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹೊಲದ ಮನೆಯ ದಾರಿ ಸರಿಮಾಡಲು ಟ್ರ್ಯಾಕ್ಟರಿಗೆ ಏನು ಕೊಳ್ಳಬೇಕೆಂದು ಕೇಳುವ ರೈತರು ಮೊದಲು ಹಿಂದೆ ಜೋಡಿಸುವ ಬ್ಲೇಡನ್ನೇ ನೋಡಿ. ಅದರ ಅಗಲ ಹಿಂದಿನ ಎರಡೂ ಗಾಲಿಗಳ ಹೊರ ಅಂಚನ್ನು ದಾಟಬೇಕು. ಇಲ್ಲದಿದ್ದರೆ ಗಾಲಿಯ ಜಾಡು ಹಾಗೇ ಉಳಿದು, ಅದರಲ್ಲೇ ನೀರು ನಿಲ್ಲುತ್ತದೆ. ಓರೆಯಾಗಿ ತಿರುಗಿಸಲು ಬರುವ ಬ್ಲೇಡನ್ನೇ ಆರಿಸಿ. ಎರಡೂ ಅಂಚಿನ ಮಣ್ಣನ್ನು ನಡುವಿಗೆ ಎಳೆದು ದಾರಿಯ ಮಧ್ಯ ಎತ್ತರಿಸಿದರೆ ಮಳೆನೀರು ಬದಿಗೆ ಹರಿಯುತ್ತದೆ. ಮೇಲೆ ಮುರುಮ್ ಹಾಕುವುದು ಆಮೇಲಿನ ಕೆಲಸ.

ಮುಂದೆ ಜೋಡಿಸುವ ಲೋಡರ್ ಬೇಕೇ? ಗೊಬ್ಬರ, ಮುರುಮ್ ತುಂಬುವ ಕೆಲಸ ವರ್ಷವಿಡೀ ಇದ್ದವರಿಗೆ ಬೇಕು. ಬರೀ ದಾರಿಗಾಗಿ ಅಷ್ಟು ಹಣ ಹಾಕಬೇಡಿ. ಮುಂದಿನ ಅಚ್ಚಿನ ಮೇಲೆ ಭಾರ ಬೀಳುತ್ತದೆ, ಹಿಂದೆ ತೂಕ ಕಟ್ಟದಿದ್ದರೆ ಟ್ರ್ಯಾಕ್ಟರ್ ವಾಲುತ್ತದೆ. ರೋಟವೇಟರನ್ನಂತೂ ದಾರಿಗೆ ಇಳಿಸಲೇಬೇಡಿ. ಪುಡಿಯಾದ ಮಣ್ಣು ಮೊದಲ ಮಳೆಗೇ ರಾಡಿಯಾಗುತ್ತದೆ.

ಹಸಿ ಮಣ್ಣಿನಲ್ಲಿ ಬ್ಲೇಡು ಓಡಿಸಬೇಡಿ. ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದು ಮಣ್ಣು ಹದಕ್ಕೆ ಬಂದಾಗ ಇನ್ನೊಮ್ಮೆ ಎಳೆದರೆ ಸಾಕು. ವರ್ಷಕ್ಕೆ ಎರಡೇ ಸಲದ ಕೆಲಸವಾದ್ದರಿಂದ, ಕೊಳ್ಳುವ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಇಲ್ಲವೇ ಅದೇ ದಾರಿ ಬಳಸುವ ನಾಲ್ಕು ಮನೆಯವರು ಕೂಡಿ ಒಂದೇ ಬ್ಲೇಡು ತನ್ನಿ. ಕೆಲಸ ಮುಗಿದ ಮೇಲೆ ಬ್ಲೇಡನ್ನು ನೆಲಕ್ಕೆ ಇಳಿಸಿಯೇ ಟ್ರ್ಯಾಕ್ಟರ್ ನಿಲ್ಲಿಸಿ. ಎತ್ತಿದ ಬ್ಲೇಡಿನ ಕೆಳಗೆ ಮಕ್ಕಳು ಆಡಲು ಹೋಗುತ್ತಾರೆ.