ಟರ್ಬೋ ಕಾರಿನಲ್ಲಿ ಕೂಲೆಂಟ್ ಎಲ್ಲಿ ಸೋರುತ್ತದೆ?

ನೀರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆಂದು ನಾವೆಲ್ಲರೂ ಓದಿರುವೆವಷ್ಟೆ. ಆದರೆ ದಕ್ಷಿಣ ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲಿ ತೆರೆದ ಪಾತ್ರೆಯಲ್ಲಿ ಕಾಯಿಸಿದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಂತೆ ಕುದಿಬಿಂದುವೂ ಇಳಿಯುತ್ತದೆ. ಈ ನಿಯಮವನ್ನು ತಿಳಿದರೆ ಕಾರಿನ ಎಂಜಿನ್ನಿಗೆ ಒದಗುವ ಒಂದು ಅಪಾಯವೂ ನಮಗೆ ತಿಳಿಯುತ್ತದೆ.

ಎಂಜಿನ್ನಿನ ಶಾಖವನ್ನು ಹೀರಿ ರೇಡಿಯೇಟರಿಗೆ ಒಯ್ಯುವ ದ್ರವವೇ ಕೂಲೆಂಟ್. ಸಾಮಾನ್ಯವಾಗಿ ಇದು ಶುದ್ಧ ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಕೆಲಸ ಮಾಡುವ ಎಂಜಿನ್ನಿನಲ್ಲಿ ಇದರ ಉಷ್ಣತೆ 90 ರಿಂದ 105 ಡಿಗ್ರಿಯವರೆಗೆ ಇರುವುದುಂಟು. ಆದರೂ ಇದು ಕುದಿಯದಿರಲು ಕಾರಣವೇನು? ಅಡಿಗೆಮನೆಯ ಕುಕ್ಕರಿನಲ್ಲಿರುವಂತೆ ಇಲ್ಲಿಯೂ ದ್ರವವು ಒತ್ತಡದಲ್ಲಿರುತ್ತದೆ. ಮುಚ್ಚಳದೊಳಗಿನ ಸ್ಪ್ರಿಂಗು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾತಾವರಣದಷ್ಟು ಏರಗೊಡುತ್ತದೆ. ಆಗ ಬರಿಯ ನೀರೂ 120 ಡಿಗ್ರಿಯ ಸಮೀಪಕ್ಕೆ ಬರುವವರೆಗೆ ಕುದಿಯದು. ರಬ್ಬರ್ ಉಂಗುರ ಸವೆದ ಕುಕ್ಕರು ಕೂಗುವುದಿಲ್ಲ. ಅಂತೆಯೇ ಸೋರುವ ಕಾರಿನಲ್ಲಿ ದ್ರವದೊಡನೆ ಒತ್ತಡವೂ ನಷ್ಟವಾಗುತ್ತದೆ.

ಟರ್ಬೋಚಾರ್ಜರ್ ಇರುವ ಕಾರಿನಲ್ಲಿ ಈ ನಷ್ಟ ಇನ್ನೂ ಗಂಭೀರವಾದುದು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲವು ಒಂದು ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗಿಸಬಲ್ಲುದು. ಆ ಚಕ್ರದ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅನಿಲದ ಉಷ್ಣತೆ 800 ಡಿಗ್ರಿಯನ್ನೂ ಮೀರಬಹುದು. ಆದುದರಿಂದ ಅನೇಕ ಕಾರುಗಳಲ್ಲಿ ಚಕ್ರದ ಬೇರಿಂಗುಗಳ ಸುತ್ತ ಕೂಲೆಂಟನ್ನು ಹರಿಸುತ್ತಾರೆ. ಈ ಕೊಳವೆಗಳ ಕೀಲುಗಳು ದಿನವೂ ಕಾದು ಹಿಗ್ಗುತ್ತವೆ, ತಣಿದು ಕುಗ್ಗುತ್ತವೆ. ಕಾಲಕ್ರಮದಲ್ಲಿ ರಬ್ಬರ್ ಗಡುಸಾಗುತ್ತದೆ, ವಾಷರುಗಳ ಹಿಡಿತ ತಪ್ಪುತ್ತದೆ. ಸೋರಿದ ಹನಿ ಬಿಸಿಲೋಹದ ಮೇಲೆ ಬಿದ್ದು ಆವಿಯಾಗುವುದರಿಂದ ನೆಲದಲ್ಲಿ ಗುರುತೇ ಉಳಿಯದಿರಬಹುದು. ದಟ್ಟಣೆಯಿರುವ ಸುಬ್ರಹ್ಮಣ್ಯಪುರ ರಸ್ತೆಯಲ್ಲಿ ಕಾರು ನಿಂತುನಿಂತು ಸಾಗುವಾಗ ರೇಡಿಯೇಟರಿಗೆ ತಾನಾಗಿ ಬೀಸುವ ಗಾಳಿಯೂ ಸಾಲದು, ಫ್ಯಾನೇ ಗತಿ. ಕೂಲೆಂಟ್ ಕಡಿಮೆಯಾಗಿದ್ದರೆ ಅದರಿಂದಲೂ ಪ್ರಯೋಜನವಿಲ್ಲ.

ಹಾಗಾದರೆ ಸೋರಿಕೆಯನ್ನು ಪತ್ತೆಹಚ್ಚುವುದು ಹೇಗೆ? ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯುವುದು ಮೊದಲ ನಿಯಮ. ಬಿಸಿಯಾಗಿರುವಾಗ ಮುಚ್ಚಳ ತೆರೆದರೆ ಒತ್ತಡ ತಟ್ಟನೆ ಇಳಿದು, ದ್ರವವು ಒಮ್ಮೆಗೇ ಕುದಿದು ಚಿಮ್ಮಿ, ಮೈ ಸುಡುತ್ತದೆ. ತಣಿದ ಬಳಿಕ ಮುಚ್ಚಳದ ಜಾಗದಲ್ಲಿ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ಅಚ್ಚಾಗಿರುವಷ್ಟೇ ಒತ್ತಡವನ್ನು ಕೊಡಬೇಕು. ಮುಳ್ಳು ಇಳಿಯತೊಡಗಿದರೆ ಸೋರಿಕೆಯಿದೆಯೆಂದೇ ಅರ್ಥ. ಲೋಹ ತಣ್ಣಗಿರುವುದರಿಂದ ಈಗ ಹನಿ ಆವಿಯಾಗದೆ ಕಣ್ಣಿಗೆ ಬೀಳುತ್ತದೆ. ಹೋಸ್ ಪೈಪಿನ ತುದಿ, ನೀರಿನ ಪಂಪು, ಟರ್ಬೋವಿನ ಕೀಲುಗಳು, ಇವುಗಳಲ್ಲಿ ಒಣಗಿದ ಬಣ್ಣದ ಹೆಪ್ಪನ್ನೂ ಹುಡುಕಬೇಕು. ಹೊರಗೆ ಹನಿಯಿಲ್ಲದೆ ಮುಳ್ಳು ಮಾತ್ರ ಇಳಿದರೆ ಒಳಸೋರಿಕೆಯ ಶಂಕೆ ಮೂಡುತ್ತದೆ. ಹೊಗೆಕೊಳವೆಯಿಂದ ಬಿಡದೆ ಬರುವ ಬಿಳಿಯ ಆವಿ, ಹಾಲಿನಂತಾದ ಎಂಜಿನ್ ಆಯಿಲ್, ಇವು ಅದರ ಲಕ್ಷಣಗಳು. ಆಗ ಹೆಡ್ ಗ್ಯಾಸ್ಕೆಟನ್ನು ಪರೀಕ್ಷಿಸಬೇಕಾಗುತ್ತದೆ.

ದೋಷ ಕಂಡ ಕೀಲನ್ನು ಬಿಚ್ಚಿ, ಮೇಲ್ಮೈಗಳನ್ನು ಶುಚಿಮಾಡಿ, ಹೊಸ ವಾಷರುಗಳನ್ನು ಹಾಕಿ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಬಳಿಕ ತಯಾರಕರು ಸೂಚಿಸಿದ ಕೂಲೆಂಟನ್ನೇ ತುಂಬಬೇಕು. ಕೊಳವೆಬಾವಿಯ ಗಡಸುನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಿ, ಒತ್ತಡದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಮುಳ್ಳು ಕದಲದಿದ್ದರೆ ಮಾತ್ರ ಕೆಲಸ ಮುಗಿದಂತೆ. ಚೆಲ್ಲಿದ ಕೂಲೆಂಟನ್ನು ಒರಸಿಬಿಡಬೇಕು; ಗ್ಲೈಕಾಲ್ ಸಿಹಿಯಾದರೂ ವಿಷ, ಬೀದಿಯ ನಾಯಿಗಳು ಅದನ್ನು ನೆಕ್ಕಿ ಸಾಯಬಹುದು.

ಕೂಲೆಂಟ್ ಇಳಿದಾಗಲೆಲ್ಲ ನೀರು ಸುರಿದು ಮುಂದೆ ಹೋಗುವ ಅಭ್ಯಾಸ ಹಲವರಲ್ಲುಂಟು. ಇದರಿಂದ ಮಟ್ಟ ಸರಿಹೋಗುತ್ತದೆ, ಸೋರಿಕೆ ಹಾಗೆಯೇ ಉಳಿಯುತ್ತದೆ. ದ್ರವ ತೀರಾ ಇಳಿದಾಗ ಉಷ್ಣಮಾಪಕದ ತುದಿಯು ದ್ರವದಲ್ಲಿ ಮುಳುಗಿರದೆ ಸುಳ್ಳು ಹೇಳುವುದೂ ಉಂಟು. ಮುಳ್ಳು ಕೆಂಪುಗೆರೆ ಮುಟ್ಟದಿರುವಾಗಲೇ ಎಂಜಿನ್ನಿನ ಹೆಡ್ ಸೊಟ್ಟಗಾಗಿರುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲಿ ದ್ರವ ತಾನಾಗಿ ಮಾಯವಾಗದು. ಕಡಿಮೆಯಾದುದು ಎಲ್ಲಿಗೋ ಹೋಗಿದೆ. ಆ ದಾರಿಯನ್ನು ಹುಡುಕುವುದೇ ನಿಜವಾದ ದುರಸ್ತಿ.