ನೀಲಿ ಮಾತ್ರೆ



ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ನಾನು ಎಷ್ಟೋ ಸಲ ಕಿಟಕಿಯಿಂದ ಆಚೆ ಎಸೆದಿದ್ದೇನೆ. ತಿಂದ್ರೆ ವಾಂತಿ ಆಗ್ತದೆ ಅಂತ ಯಾರೋ ಹೇಳಿದ್ದರು.

ಆಮೇಲೆ ಖೋ-ಖೋ ಆಡುವಾಗ ಏದುಸಿರು, ಕಣ್ಣು ಕತ್ತಲೆ. ಪಾಠದಲ್ಲಿ ತೂಕಡಿಕೆ. ಎಲ್ಲರೂ ಸೋಮಾರಿ ಅಂದರು, ನಾನೂ ಹಾಗೇ ಅಂದುಕೊಂಡೆ. ಆರೋಗ್ಯ ತಪಾಸಣೆಯಲ್ಲಿ ಗೊತ್ತಾಯಿತು: ಹಿಮೋಗ್ಲೋಬಿನ್ 9 ಗ್ರಾಂ! ನಮ್ಮ ವಯಸ್ಸಿಗೆ ಕನಿಷ್ಠ 12 ಇರಬೇಕಂತೆ. ಇದೇ ರಕ್ತಹೀನತೆ.

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದು ತಯಾರಾಗಲು ಕಬ್ಬಿಣಾಂಶ ಬೇಕು. ಅದು ಕಡಿಮೆಯಾದರೆ ಮೈಗೂ ಸುಸ್ತು, ಮನಸ್ಸಿಗೂ ಬೇಸರ.

ನರ್ಸಮ್ಮ ಹೇಳಿಕೊಟ್ಟಿದ್ದು:

1. ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಮಲ ಕಪ್ಪಾದರೆ ಹೆದರಬೇಡಿ.

2. ನುಗ್ಗೆಸೊಪ್ಪು, ಹರಿವೆ, ಹುರುಳಿ ತಿನ್ನಿ. ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ.

3. ಊಟದ ಜೊತೆ ಟೀ ಬೇಡ. ಅದು ಕಬ್ಬಿಣಾಂಶವನ್ನು ತಡೆಯುತ್ತದೆ.

4. ಬರಿಗಾಲಲ್ಲಿ ಬಯಲಿಗೆ ಹೋಗಬೇಡಿ. ಕೊಕ್ಕೆಹುಳು ಪಾದದಿಂದ ಒಳಹೊಕ್ಕು, ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಡಾಕ್ಟರು ಹೇಳಿದಂತೆ ಮೂರು ತಿಂಗಳು ದಿನಾ ಮಾತ್ರೆ ತಗೊಂಡೆ. ಈಗ 11 ಆಗಿದೆ. ಇನ್ನೂ ಒಂದು ಬಾಕಿ!

ಸುಸ್ತು ಎಲ್ಲಾ ಸಲ ಸೋಮಾರಿತನ ಅಲ್ಲ. ಮುಚ್ಚಿಡಬೇಡಿ, ಟೀಚರಿಗೋ ಅಮ್ಮನಿಗೋ ಹೇಳಿ. ಕಿಟಕಿಯ ಆಚೆ ಮಾತ್ರೆ ಬೀಳದಿರಲಿ.