ನಗದಿ ನಾಟಕ, ಉದ್ರಿ ನಾಟಕ

ಒಂಬತ್ತು ತಿಂಗಳು ನನ್ನ ಎರಡು ಬಳೆ ಶಹಾಪುರದ ಒಂದು ಸೊಸೈಟಿಯ ತಿಜೋರಿಯಲ್ಲಿದ್ದವು. ಬರಿಗೈ ನೋಡಿ ಕೇಳಿದವರಿಗೆ ‘ಕೈ ದಪ್ಪ ಆಗ್ಯಾವ್ರೀ, ಬಳಿ ಏರವಲ್ವು’ ಎನ್ನುತ್ತಿದ್ದೆ. ನಾಟಕ ಕಲಿಸುವವಳಿಗೆ ಇಷ್ಟೂ ನಟನೆ ಬಾರದಿದ್ದರೆ ಹೇಗೆ? ಏಪ್ರಿಲಿನಲ್ಲಿ ಬಳೆ ಬಿಡಿಸಿಕೊಂಡು ಬಂದ ರಾತ್ರಿಯೇ ಹಳೆಯ ಪಾಠ ಟಿಪ್ಪಣಿಯ ಖಾಲಿ ಹಾಳೆಗಳಲ್ಲಿ ವರ್ಷದ ಲೆಕ್ಕ ಬರೆಯಲು ಕೂತೆ. ನಾಟಕ ನೋಡಿದ್ದಕ್ಕೆಷ್ಟು, ಆಡಿಸಿದ್ದಕ್ಕೆಷ್ಟು?

ನಾನು ಸರ್ಕಾರಿ ಪ್ರೌಢಶಾಲೆಯ ನಾಟಕ ಶಿಕ್ಷಕಿ. ಮನೆ ಶಹಾಪುರ, ಶಾಲೆ ಸುರಪುರ ತಾಲ್ಲೂಕಿನ ಒಂದು ಹಳ್ಳಿ, ಗೆಳೆಯರ ಹವ್ಯಾಸಿ ತಂಡ ಸುರಪುರದಲ್ಲಿ. ರೈಲು ಬೇಕೆಂದರೆ ಭೀಮಾ ನದಿ ದಾಟಿ ಯಾದಗಿರಿಗೆ ಹೋಗಬೇಕು. ಇಷ್ಟೆಲ್ಲ ತಿರುಗಿದರೂ 2023ರ ಜೂನ್ 11ರಿಂದ ನನ್ನ ಬಸ್ ಖರ್ಚು ಸೊನ್ನೆ. ಶಕ್ತಿ ಯೋಜನೆಯ ಲಾಭವನ್ನು ಲೆಕ್ಕ ಹಾಕುವವರು ಅದರಿಂದ ತಾಲೀಮಿಗೆ ಬರತೊಡಗಿದ ಹೆಣ್ಣುಮಕ್ಕಳನ್ನೂ ಎಣಿಸಬೇಕು. ನಮ್ಮ ತಂಡದಲ್ಲಿ ಮೊದಲು ಇಬ್ಬರಿದ್ದೆವು, ಈಗ ಐವರು.

ನೋಡಿದ್ದು 16 ನಾಟಕ. ಮೈಸೂರಿನ ಬಹುರೂಪಿ ಉತ್ಸವದಲ್ಲಿ ನಾಲ್ಕು. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ಅಂಗಳದಲ್ಲಿ ರಾತ್ರಿ ಕೂತು ನಾಟಕ ನೋಡುವುದು ನನ್ನ ವರ್ಷದ ತೀರ್ಥಯಾತ್ರೆ. ಬಸವ ಎಕ್ಸ್‌ಪ್ರೆಸ್ಸಿನ ಟಿಕೆಟ್, ಎರಡು ರಾತ್ರಿಯ ವಸತಿ, ಊಟ ಸೇರಿ 5,900 ರೂಪಾಯಿ ಆಯಿತು. ಅದರಲ್ಲಿ ನಾಟಕದ ಟಿಕೆಟ್ಟಿನದೇ ಎಲ್ಲಕ್ಕಿಂತ ಸಣ್ಣ ಮೊತ್ತ. ಕಲಬುರಗಿಯಲ್ಲಿ ಮೂರು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಮೂರು. ತೇರು ಎಳೆದ ಮೇಲೂ ವಾರಗಟ್ಟಲೆ ವೃತ್ತಿ ಕಂಪನಿಗಳ ಟೆಂಟು ಅಲ್ಲೇ ಇರುವುದರಿಂದ ನನ್ನಂಥ ನೌಕರಿಯವರು ರಜೆ ನೋಡಿಕೊಂಡು ಹೋಗಬಹುದು. ಉಳಿದ ಆರು ನಮ್ಮ ಹಳ್ಳಿಗಳ ಜಾತ್ರೆ ನಾಟಕ, ಪುಕ್ಕಟೆ. ಪುಕ್ಕಟೆ ಎಂದರೆ ಪೂರ್ತಿ ಪುಕ್ಕಟೆಯಲ್ಲ. ಹಳೆಯ ವಿದ್ಯಾರ್ಥಿ ಬಣ್ಣ ಹಚ್ಚಿ ನಿಂತಾಗ ಟೀಚರ್ ಆಯೇರಿ ಮಾಡದೆ ಎದ್ದು ಬಂದರೆ ಊರೇ ನೆನಪಿಟ್ಟುಕೊಳ್ಳುತ್ತದೆ. ಆರು ನಾಟಕಕ್ಕೆ ತಲಾ 201ರಂತೆ 1,206. ಮೈಕಿನಲ್ಲಿ ಹೆಸರು ಕೂಗಿಸಿಕೊಂಡ ಸುಖ ಅದರಲ್ಲೇ ಸೇರಿದೆ. ಎಲ್ಲ ಕೂಡಿದರೆ 9,480 ರೂಪಾಯಿ. ಮನೆಯಲ್ಲಿ ‘ನಿನ್ನ ನಾಟಕದ ಹುಚ್ಚು’ ಎಂದು ಬೈಸಿಕೊಂಡದ್ದೆಲ್ಲ ಈ ಮೊತ್ತಕ್ಕೆ.

ಬಳೆ ಹೋದದ್ದು ಆಡಿಸಿದ್ದಕ್ಕೆ.

ಶಾಲೆಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಕಥೆಯನ್ನು ನಾನೇ ಬರೆದು ಆಡಿಸಿದೆ. ಎಳೆಯ ಅರಸನಿಗೆ ಆಡಳಿತ ಕಲಿಸಿದ ಮೆಡೋಸ್ ಟೇಲರ್, ಅವನು ‘ಅಪ್ಪಾ’ ಎಂದು ಕರೆಯುತ್ತಿದ್ದ ಆ ಬಿಳಿಯ ಅಧಿಕಾರಿ. ಕೊನೆಗೆ 1858ರಲ್ಲಿ ಅರಸ ಸೆರೆಯಾಳಾಗುತ್ತಾನೆ. ಸುರಪುರಕ್ಕೆ ಹೋದಾಗಲೆಲ್ಲ ಟೇಲರ್ ಬಂಗಲೆಯನ್ನು ನೋಡಿಕೊಂಡು ಬೆಳೆದ ಮಕ್ಕಳಿಗೆ ಇದಕ್ಕಿಂತ ನಾಟಕ ಬೇಕೆ? ಟೇಲರನ ಕೋಟು ಹೊಲಿಸಲು ದರ್ಜಿ 1,800 ಹೇಳಿದ. ಮದುವೆ ಬ್ಯಾಂಡಿನವರಿಂದ ಬಂಗಾರದ ಗುಂಡಿಯ ಕೆಂಪು ಕೋಟನ್ನು ಒಂದು ದಿನಕ್ಕೆ 200 ರೂಪಾಯಿ ಬಾಡಿಗೆಗೆ ತಂದೆ. ಬೆನ್ನ ಮೇಲಿದ್ದ ಬ್ಯಾಂಡ್ ಕಂಪನಿಯ ಹೆಸರು ಮುಚ್ಚಲು ಹುಡುಗ ನಾಟಕ ಮುಗಿಯುವವರೆಗೂ ಪ್ರೇಕ್ಷಕರಿಗೆ ಬೆನ್ನು ತೋರಿಸಲಿಲ್ಲ. ನೋಡಿದವರು ‘ಎಷ್ಟು ಗತ್ತು’ ಎಂದರು. ಹೀಗೆ ಉಳಿಸಿದ್ದು ಬೇರೆ ಕಡೆ ಹೋಯಿತು. ದೀಪಾವಳಿ ಆದ ಮೇಲೆ ವೆಂಕಟಪ್ಪ ನಾಯಕ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದ, ಕಟ್ಟಡದ ಕೆಲಸಕ್ಕೆ. ಅವನ ಅಳತೆಗೆ ಹೊಲಿಸಿದ ಅಂಗಿ, ಮುಂಡಾಸು, ಸೊಂಟಪಟ್ಟಿ ಎರಡನೆಯ ಅರಸನಿಗೆ ಹಿಡಿಸಲಿಲ್ಲ. ನಮ್ಮ ಕಡೆ ಶಾಲಾ ನಾಟಕ ಮಾಡುವವರು ಮುಖ್ಯ ಪಾತ್ರಕ್ಕೆ ಇಬ್ಬರನ್ನು ತಯಾರು ಮಾಡಬೇಕು, ಬಟ್ಟೆಯನ್ನು ಲಾಡಿ ಕಟ್ಟುವ ಹಾಗೆ ಹೊಲಿಸಬೇಕು. ಒಟ್ಟು ಖರ್ಚು 11,300. ಶಾಲೆ ಕೊಟ್ಟದ್ದು 4,000. ಉಳಿದ 7,300 ನನ್ನದು.

ಸುರಪುರದ ತಂಡದ ನಾಟಕ ಜುಲೈನಲ್ಲಿ ಆಗಿತ್ತು. ಖರ್ಚು 62,000 ರೂಪಾಯಿ. ದೀಪ, ಧ್ವನಿ, ಸಭಾಂಗಣ, ರಂಗಸಜ್ಜಿಕೆ ಎಲ್ಲ ಮೊದಲೇ ಅಂದಾಜಿಗೆ ಬಂದಿದ್ದವು. ಅಂದಾಜಿಗೆ ಬಾರದ್ದು 40 ದಿನದ ತಾಲೀಮಿನ ಚಹಾ, ಮಂಡಕ್ಕಿ, ಮಿರ್ಚಿ: 7,600. ಮಿರ್ಚಿಯನ್ನು ಯಾವ ಬಜೆಟ್ಟಿನಲ್ಲೂ ಯಾರೂ ಬರೆಯುವುದಿಲ್ಲ. ಪಟ್ಟಿ ಎತ್ತಿದ್ದು 14,000. 50 ರೂಪಾಯಿಯ ಟಿಕೆಟ್ 188 ಹೋದವು, 9,400. ಆದರೆ ಸಭಾಂಗಣ ತುಂಬಿತ್ತು, ಮುನ್ನೂರಕ್ಕೆ ಕಡಿಮೆಯಿಲ್ಲದ ಜನ. ಉಳಿದವರೆಲ್ಲ ಪಾಸಿನವರು. ನನ್ನ ಸಹೋದ್ಯೋಗಿಗಳು, ಬಂಧುಗಳು, ತಂಡದವರ ಬಂಧುಗಳು. ತಿಂಗಳ ಸಂಬಳ ಎಣಿಸುವವರೇ ಹೆಚ್ಚು.

ಕೊರತೆ 38,600. ಆದರೆ ನಮಗೆ ಕೊರತೆ ಕಂಡೇ ಇರಲಿಲ್ಲ. 40,000 ಧನಸಹಾಯ ಬಂದೇ ಬರುತ್ತದೆ ಎಂದು ಕಾಗದದ ಮೇಲೆ 1,400 ಉಳಿತಾಯ ತೋರಿಸಿ ಚಪ್ಪಾಳೆ ತಟ್ಟಿದ್ದೆವು. ಲೈಟಿನವನು ಮರುದಿನ ಬಾಗಿಲಿಗೆ ಬಂದ. ತಂಡದಲ್ಲಿ ಕಾಯಂ ಸಂಬಳದವಳು ನಾನೊಬ್ಬಳೇ. ಬಳೆ ಇಟ್ಟು 35,000 ತಂದೆ, ಉಳಿದ 3,600 ಪರ್ಸಿನಿಂದ. ಧನಸಹಾಯ ಬಂದದ್ದು ಏಪ್ರಿಲಿನಲ್ಲಿ, 25,000. ತಿಂಗಳಿಗೆ ನೂರಕ್ಕೆ ಒಂದರಂತೆ ಒಂಬತ್ತು ತಿಂಗಳ ಬಡ್ಡಿ 3,150. ಕೂಡಿ ಕಳೆದರೆ ಈ ಒಂದು ನಾಟಕಕ್ಕೆ ನಾನು ತೆತ್ತದ್ದು 16,750. ಶಾಲೆಯದು ಸೇರಿಸಿದರೆ ಆಡಿಸಿದ ಲೆಕ್ಕ 24,050.

ಇದನ್ನು ಕೆಂಭಾವಿ ಕಡೆಯ ಹಳ್ಳಿಯೊಂದರ ನಾಟಕ ಮಂಡಳಿಯ ಹಿರಿಯರಿಗೆ ಹೇಳಿದೆ. ನನ್ನ ಹಾಳೆ ನೋಡಿ ನಕ್ಕರು: ‘ಟೀಚರ್, ನಮ್ದು ನಗದಿ ನಾಟಕ. ನಿಮ್ದು ಉದ್ರಿ ನಾಟಕ. ಮುಖಕ್ಕ ಬಣ್ಣ ಹಚ್ಚೂಕಿಂತ ಮೊದ್ಲ ರೊಕ್ಕ ಕೈಯಾಗಿರ್ಬೇಕ್ರಿ.’

ಅವರ ಲೆಕ್ಕ ಹೀಗೆ. ಒಂಬತ್ತು ಗಂಡು ಪಾತ್ರ. ಪಾತ್ರ ಮಾಡುವವರೇ ರೊಕ್ಕ ಹಾಕಬೇಕು. ಹೀರೋ ಪಾತ್ರಕ್ಕೆ 15,000, ಖಳನಾಯಕನಿಗೆ 18,000. ಸೀಟಿ ಅವನಿಗೇ ಹೆಚ್ಚು ಬೀಳುವುದರಿಂದ ಬೆಲೆಯೂ ಹೆಚ್ಚು. ಹೀಗೆ 78,000, ಊರ ಪಟ್ಟಿ 31,000. ಹಾರ್ಮೋನಿಯಂ ಮಾಸ್ತರರಿಗೆ ಕಂತು, ಸೀನರಿಗೆ ಮುಂಗಡ, ಹೊರಗಿನಿಂದ ಬರುವ ಕಲಾವಿದೆಯರಿಗೆ ಅಂದೇ ಸಂಜೆ ಪೂರ್ತಿ ಹಣ. ಖರ್ಚು 1,02,000. ಉಳಿದ 7,000 ಗುಡಿಯ ಪತ್ರಾಸಿಗೆ. ರೊಕ್ಕ ಕೂಡದ ವರ್ಷ ನಾಟಕವೇ ಇಲ್ಲ, ಅದಕ್ಕಾಗಿ ಯಾರೂ ಅಳುವುದಿಲ್ಲ. ರಂಗಶಿಬಿರಗಳಲ್ಲಿ ನಾವು ಇಂಥ ನಾಟಕಗಳನ್ನು ಎಷ್ಟು ಹಗುರಾಗಿ ಆಡಿಕೊಂಡಿದ್ದೇವೆ! ಅಭಿನಯದ ಮಾತು ಬೇರೆ, ಜಮಾಖರ್ಚಿನಲ್ಲಿ ಅವರು ನಮಗೆ ಮಾಸ್ತರರು.

ಹಾಗೆಂದು ಅದೂ ನಿಷ್ಕಳಂಕವಲ್ಲ. ಆ ಖಳನಾಯಕ ನನ್ನ ಹಳೆಯ ವಿದ್ಯಾರ್ಥಿ, ಕೂಲಿ ಮಾಡುವವನು. 18,000ವನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ಸಾಲ ತಂದಿದ್ದ. ತಿಂಗಳಿಗೆ 540 ಬರೀ ಬಡ್ಡಿ. ವರ್ಷ ಎಳೆದರೆ 6,480. ಒಂದು ರಾತ್ರಿಯ ಸೀಟಿಗೆ! ನನ್ನ 35,000ವನ್ನೂ ಅದೇ ದರದಲ್ಲಿ ತಂದಿದ್ದರೆ ಒಂಬತ್ತು ತಿಂಗಳಿಗೆ 9,450 ಆಗುತ್ತಿತ್ತು. ನಾನು ಬೈದೆ. ಅವನು ‘ನೀವೂ ಬಳಿ ಇಟ್ಟೀರಂತಲ್ರೀ’ ಎಂದ. ಸುದ್ದಿ ಅಲ್ಲಿಗೂ ಮುಟ್ಟಿತ್ತು.

ನಾಟಕಕಾರರಿಗೆ ಕೊಡುವ ಸಂಭಾವನೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ನಮ್ಮವರು ಇದನ್ನು ಖರ್ಚೆಂದೇ ತಿಳಿಯುವುದಿಲ್ಲ. ಮಕ್ಕಳು ಶಿಕ್ಷಕರು, ಪಾಲಕರ ಎದುರು ಶಾಲೆಯಲ್ಲಿ ಆಡಿದರೆ, ಹವ್ಯಾಸಿಗಳು ಟಿಕೆಟ್ ಇಲ್ಲದೆ ಆಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟಿರೋ, ಅನುಮತಿ ಬೇಕು. ಲೇಖಕರು ತೀರಿಕೊಂಡು 60 ವರ್ಷ ಕಳೆದಿದ್ದರೆ ಬೇಡ. ಕೈಲಾಸಂ ಹೋದದ್ದು 1946ರಲ್ಲಿ, ಅವರ ನಾಟಕಗಳು ಈಗ ಎಲ್ಲರವು; ಆದರೆ ಆ ಬೆಂಗಳೂರಿನ ಇಂಗ್ಲಿಷ್ ಬೆರೆತ ಮಾತು ಸುರಪುರದ ಬಾಯಲ್ಲಿ ಹೊರಳುವುದಿಲ್ಲ. ಹಾಗಾಗಿ ನಮ್ಮ ನಡುವಿನ ಒಬ್ಬ ಲೇಖಕರ ನಾಟಕಕ್ಕೆ 2,000 ಕೊಟ್ಟೆವು. 62,000ದಲ್ಲಿ ನನಗೆ ಒಂದಿಷ್ಟೂ ಕೊರಗಿಲ್ಲದ ಖರ್ಚು ಅದೊಂದೇ.

ಈಗ ಸಂಬಳ ಬಿದ್ದ ಮರುದಿನವೇ 2,500 ರೂಪಾಯಿ ಬ್ಯಾಂಕಿನ ಒಂದು ವರ್ಷದ ಆರ್‌ಡಿಗೆ ತಾನಾಗಿ ಹೋಗುತ್ತದೆ. ಅಂಚೆಯ ಆರ್‌ಡಿಯೂ ನನಗಿಷ್ಟ, ಆದರೆ ಅದು ಐದು ವರ್ಷದ್ದು. ನಾಟಕ ಪ್ರತಿ ವರ್ಷ ಕೈ ಒಡ್ಡುತ್ತದೆ. ವರ್ಷಕ್ಕೆ 30,000: ನೋಡುವುದೂ ಆಡಿಸುವುದೂ ಅದರೊಳಗೇ. ಕಡಿಮೆ ಬಿದ್ದರೆ ಆಡಿಸುವುದನ್ನು ಬಿಟ್ಟೇನು, ನೋಡುವುದನ್ನಲ್ಲ. ಧನಸಹಾಯವನ್ನು ಖಾತೆಗೆ ಬಿದ್ದ ಮೆಸೇಜ್ ಬರುವವರೆಗೆ ಜಮಾ ಬದಿಯಲ್ಲಿ ಬರೆಯುವುದಿಲ್ಲ ಎಂದು ತಂಡದಲ್ಲಿ ಠರಾವು ಮಾಡಿದ್ದೇವೆ. ಮಿರ್ಚಿಗೂ ಒಂದು ಸಾಲು ಇಟ್ಟಿದ್ದೇವೆ.

ಮುಂದಿನ ನಾಟಕ ಡಿಸೆಂಬರಿನಲ್ಲಿ, ಸುರಪುರದಲ್ಲಿ. ಟಿಕೆಟ್ 70 ರೂಪಾಯಿ. 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿಯೂ ಇಲ್ಲ. ದಯವಿಟ್ಟು ಬನ್ನಿ. ಪಾಸ್ ಮಾತ್ರ ಕೇಳಬೇಡಿ, ಈ ಸಲ ನನ್ನ ಗಂಡನಿಗೂ ಇಲ್ಲ.